ಸೋಬಾನ ಹಾಡಬಹುದು, ಸುದ್ದಿ ಹೇಳಬಾರದು

"ಮೇಡಂ, ಆಯಮ್ಮ ಅಳೋದು ಬರ್ಲಿ."

ಕೈಗೆ ಮೈಕ್ ಬಂದ ಮೇಲೆ ನಾನು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಸಿಕೊಂಡ ಮಾತು ಇದು. 2019ರ ಆಗಸ್ಟ್, ಮಲಪ್ರಭೆ ದಂಡೆ ಮೀರಿ ರಾಮದುರ್ಗದ ಓಣಿಗಳಿಗೆ ನುಗ್ಗಿದ ವಾರ. ನೇಕಾರರ ಮನೆಗಳಲ್ಲಿ ಮಗ್ಗದ ಕುಣಿ ತುಂಬ ರಾಡಿ ನಿಂತಿತ್ತು. ನೂಲಿನ ಲಡಿ, ಬಣ್ಣ, ಅರ್ಧ ನೇಯ್ದ ಸೀರೆ ಎಲ್ಲ ಸೇರಿ ಒಂದೇ ಕೆಸರಿನ ಮುದ್ದೆ. ಒಂದು ಮನೆಯ ಕಟ್ಟೆಯ ಮೇಲೆ ಐವತ್ತರ ಆಚೀಚೆಯ ಹೆಂಗಸೊಬ್ಬರು ಕುಂತಿದ್ದರು. ಮೈಕ್ ಹಿಡಿದೆ. ಅವರು ಅಳಲಿಲ್ಲ. ಲೆಕ್ಕ ಹೇಳಿದರು. ಸಂಘದ ಸಾಲ ಎಷ್ಟು, ಮಗ್ಗದ ಮೇಲಿನ ಸಾಲ ಎಷ್ಟು, ಮಾಲು ಕೊಟ್ಟ ಸಾವಕಾರ ಹಾಳಾದ ನೂಲಿನ ರೊಕ್ಕವನ್ನು ಮುಂದಿನ ಕೂಲಿಯಲ್ಲಿ ಹೇಗೆ ಮುರಿದುಕೊಳ್ಳುತ್ತಾನೆ, ಮನೆ ಗಂಡನ ಹೆಸರಿನಲ್ಲಿರುವಾಗ ಪರಿಹಾರದ ಚೆಕ್ಕು ಯಾರ ಕೈಗೆ ಬರುತ್ತದೆ, ಅಲ್ಲಿಂದ ಯಾವ ಅಂಗಡಿಗೆ ಹೋಗುತ್ತದೆ, ಎಲ್ಲವನ್ನೂ ಬೆರಳು ಮಡಚಿ ಹೇಳಿದರು. "ಮಗ್ಗ ಮುಳಗೇತಿ, ನೂಲು ಮುಳಗೇತಿ. ಸಾಲ ಒಂದು ಮುಳಗಿಲ್ಲ ನೋಡವಾ" ಅಂದರು. ಆರು ತಿಂಗಳು ಕಚೇರಿ ಕಚೇರಿ ತಿರುಗಿದರೂ ಸಿಗದ ಸುದ್ದಿ ಆರು ನಿಮಿಷದಲ್ಲಿ ನನ್ನ ಕ್ಯಾಮೆರಾದೊಳಗೆ ಬಂದು ಕೂತಿತ್ತು.

ಅದು ಪ್ರಸಾರ ಆಗಲಿಲ್ಲ. ಬೆಂಗಳೂರಿನ ಡೆಸ್ಕಿನಿಂದ ಫೋನ್ ಬಂತು. ಅಳು ಇಲ್ಲ, ವಿಷುವಲ್ ಡಲ್ ಇದೆ, ಆಯಮ್ಮ ಅಳೋದು ಬರ್ಲಿ. ಪಕ್ಕದ ಓಣಿಯಲ್ಲಿ ಎದೆ ಬಡಿದುಕೊಳ್ಳುತ್ತಿದ್ದ ಮುದುಕಿಯೊಬ್ಬಳ ಹನ್ನೆರಡು ಸೆಕೆಂಡು ಮಾತ್ರ ದಿನವಿಡೀ ಪರದೆಯ ಮೇಲೆ ತಿರುಗಿತು. ಹಿಂದೆ ಸಂಗೀತ ಹಾಕಿದ್ದರು. ಅವಳ ಹೆಸರನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆ ತಪ್ಪು ನನ್ನದು, ಅದನ್ನು ಇಲ್ಲಿ ಬರೆದಿಡುತ್ತೇನೆ.

ಅವತ್ತಿನಿಂದ ನನ್ನೊಳಗೆ ಉರಿಯುತ್ತಿರುವ ಮಾತು ಒಂದೇ. ಈ ನಾಡಿನ ಪ್ರಸಾರ ಮಾಧ್ಯಮಕ್ಕೆ ಹೆಂಗಸಿನ ದನಿ ಬೇಕು, ಮುಖ ಬೇಕು, ಸೀರೆ ಬೇಕು, ಕಣ್ಣೀರು ಬೇಕು. ಯಾವುದು ಸುದ್ದಿ, ಯಾವುದು ಸುದ್ದಿಯಲ್ಲ ಎಂದು ಆರಿಸುವ ಹಕ್ಕು ಮಾತ್ರ ಅವಳ ಕೈಗೆ ಬರಬಾರದು. ಓದುವ ಬಾಯಿ ಅವಳದು, ಆರಿಸುವ ಕೈ ಬೇರೆಯವರದು. ಸ್ವಾತಂತ್ರ್ಯ ಬಂದು ಎಪ್ಪತ್ತೈದು ವರ್ಷ ಕಳೆದರೂ ಈ ಪಾಲು ಬದಲಾಗಿಲ್ಲ.

ನಾನು ಎಂ.ಕೆ. ಹುಬ್ಬಳ್ಳಿಯವಳು. ಮುಗುಟಖಾನ್ ಹುಬ್ಬಳ್ಳಿ. ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯಲ್ಲಿ ಮಲಪ್ರಭೆ ದಾಟುವಾಗ ಎಡಬಲ ನೋಡಿದವರಿಗೆ ಕಬ್ಬಿನ ಗದ್ದೆ ಕಾಣುತ್ತದೆ, ಊರು ಕಾಣುವುದಿಲ್ಲ. ನಮ್ಮ ಸೀಮೆಯನ್ನು ಹೆಣ್ಣಿನ ಹೆಸರು ಹಿಡಿದೇ ಗುರುತಿಸುತ್ತಾರೆ. ನಮ್ಮೂರ ಹೊಳೆಯಲ್ಲಿ ಗಂಗಾಂಬಿಕೆ. ಕಿತ್ತೂರಿನಲ್ಲಿ ಚೆನ್ನಮ್ಮ. ಬೈಲಹೊಂಗಲದಲ್ಲಿ ಅವಳ ಸಮಾಧಿ. ಸವದತ್ತಿಯ ಗುಡ್ಡದ ಮೇಲೆ ಎಲ್ಲಮ್ಮ. ಇಷ್ಟು ಹೆಣ್ಣು ಹೆಸರು ಹೊತ್ತ ನೆಲದಲ್ಲಿ ಹೆಣ್ಣಿನ ಮಾತು ಎಲ್ಲಿದೆ ಎಂದು ಹುಡುಕುತ್ತ ಹೋದರೆ ಎದೆ ಉರಿಯುತ್ತದೆ.

ಗಂಗಾಂಬಿಕೆಯನ್ನೇ ನೋಡಿ. ಕಲ್ಯಾಣದಿಂದ ಹೊರಟ ಶರಣರ ಬೆನ್ನು ಹತ್ತಿದ ದಂಡಿನ ಎದುರು ಕಾದ್ರೊಳ್ಳಿಯಲ್ಲಿ ಕಾದಾಡಿ, ನಮ್ಮೂರ ಹೊಳೆಯ ಮಡಿಲಲ್ಲಿ ಐಕ್ಯಳಾದಳು ಎಂದು ನಮ್ಮ ಜನ ನಂಬುತ್ತಾರೆ. ಹೊಳೆಯ ನಡುವಿನ ಐಕ್ಯಮಂಟಪಕ್ಕೆ ಮೆಟ್ಟಿಲಿಳಿದು ಕೈಮುಗಿಯುವವರಿಗೆ ಲೆಕ್ಕವಿಲ್ಲ. ಅವಳು ವಚನಕಾರ್ತಿ. ಅವಳ ಅಂಕಿತ ಗಂಗಾಪ್ರಿಯ ಕೂಡಲಸಂಗಮದೇವ. ದೇವರ ಹೆಸರಿಗಿಂತ ಮುಂಚೆ ತನ್ನ ಹೆಸರಿಟ್ಟ ಹೆಣ್ಣು. ಆ ಮಂಟಪದ ನೆರಳಿನಲ್ಲೇ ಬೆಳೆದ ನನಗೆ ಅವಳ ಒಂದು ವಚನವನ್ನೂ ಯಾರೂ ಕಲಿಸಲಿಲ್ಲ. ಬಸವಣ್ಣನ ಹೆಂಡತಿ ಎಂದಷ್ಟೇ ಕಲಿಸಿದರು. ಅವಳ ಸಾವು ಊರಿಗೆ ಬೇಕಾಯಿತು, ಅವಳ ಮಾತು ಬೇಕಾಗಲಿಲ್ಲ.

ಚೆನ್ನಮ್ಮನ ಪಾಡೂ ಇದೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಎದುರು ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ ರಾಣಿ ಅವಳು. 1829ರ ಫೆಬ್ರವರಿ 2ರಂದು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿಯೇ ಸತ್ತಳು. ಪ್ರತಿ ಅಕ್ಟೋಬರಿನಲ್ಲಿ ಅವಳ ಹೆಸರಿನ ಉತ್ಸವ ನಡೆಯುತ್ತದೆ. ನಾನು ಅದನ್ನು ವರದಿ ಮಾಡಲು ಹೋದ ವರ್ಷಗಳಲ್ಲೆಲ್ಲ ಕಂಡದ್ದು ಒಂದೇ ನೋಟ. ಬಿಸಿಲಲ್ಲಿ ತಲೆಯ ಮೇಲೆ ಕುಂಭ ಹೊತ್ತು ಸಾಲಾಗಿ ನಡೆಯುವ ಹೆಣ್ಣುಮಕ್ಕಳು, ವೇದಿಕೆಯ ಮೇಲೆ ಪೇಟ ಸುತ್ತಿಕೊಂಡು ಮೈಕ್ ಹಿಡಿದ ಗಂಡಸರು. ಕತ್ತಿ ಹಿಡಿದ ರಾಣಿಯ ಹಬ್ಬದಲ್ಲಿ ಹೆಣ್ಣಿಗೆ ಸಿಕ್ಕಿದ್ದು ಬಿಂದಿಗೆ. ಒಮ್ಮೆ ಕುಂಭ ಹೊತ್ತ ಹುಡುಗಿಯೊಬ್ಬಳನ್ನು, ಚೆನ್ನಮ್ಮ ಯಾಕೆ ಜಗಳ ತೆಗೆದಳು ಹೇಳು ಅಂದೆ. ದತ್ತಕ ಮಗನಿಗೆ ಗಾದಿ ಕೊಡಲು ಕಂಪನಿ ಒಪ್ಪಲಿಲ್ಲ, ಖಜಾನೆಗೆ ತನ್ನ ಮುದ್ರೆ ಹಾಕಿತು ಎಂದು ಹೇಳಿ ಮುಗಿಸಿದಳು ಆ ಹುಡುಗಿ, ತಲೆಯ ಮೇಲಿನ ಕುಂಭ ಅಲುಗದ ಹಾಗೆ. ವೇದಿಕೆಯ ಮೇಲೆ ಆ ದಿನ ಇದಕ್ಕಿಂತ ಚೊಕ್ಕ ಮಾತು ಬರಲಿಲ್ಲ. ನಾನು ಕಳಿಸಿದ ವಿಡಿಯೋದಲ್ಲಿ ಡೆಸ್ಕ್ ಉಳಿಸಿಕೊಂಡದ್ದು ಅವಳ ಇಳಕಲ್ ಸೀರೆಯನ್ನು.

ನನ್ನ ಅವ್ವನಿಗೆ ಲೋಕ ಬಂದದ್ದು ರೇಡಿಯೋದೊಳಗಿಂದ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ನಾನು ಹುಟ್ಟುವ ಹೊತ್ತಿಗೆ ನಮ್ಮ ಮನೆಯ ಗೂಡಿನಲ್ಲಿ ರೇಡಿಯೋದ ಮುಳ್ಳು ಆ ನಿಲಯದ 765ರ ಮೇಲೆ ತುಕ್ಕು ಹಿಡಿದು ನಿಂತಿತ್ತು. ಅವ್ವ ರೊಟ್ಟಿ ತಟ್ಟುತ್ತ ಕೇಳುತ್ತಿದ್ದಳು. ಹೆಂಗಸಿನ ದನಿಯಲ್ಲಿ ವಾರ್ತೆ ಬಂದ ದಿನ ತಟ್ಟುವ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಒಮ್ಮೆ ಕೇಳಿದಳು, "ಆಕಿ ಓದಾಕತ್ತಿದ್ದನ್ನ ಆಕೀನ ಬರದಾಳೇನ?" ನನಗೆ ಆಗ ಹತ್ತು ವರ್ಷ. ಉತ್ತರ ಗೊತ್ತಿರಲಿಲ್ಲ. ಹೌದು ಅಂದುಬಿಟ್ಟೆ. ಅವ್ವ ನಕ್ಕಳು. ಅಕ್ಷರ ಬಾರದ ನನ್ನ ಅವ್ವ ಕೇಳಿದ ಆ ಪ್ರಶ್ನೆಯನ್ನು ಪತ್ರಿಕೋದ್ಯಮದ ಎರಡು ವರ್ಷದ ತರಗತಿಗಳಲ್ಲಿ ಒಬ್ಬ ಮೇಷ್ಟ್ರೂ ಕೇಳಲಿಲ್ಲ.

1947ರ ಆಗಸ್ಟ್ 13ರಂದು, ಸ್ವಾತಂತ್ರ್ಯಕ್ಕೆ ಎರಡು ದಿನ ಇರುವಾಗ, ದೆಹಲಿಯ ಆಕಾಶವಾಣಿಯಲ್ಲಿ ಸಯೀದಾ ಬಾನೊ ಉರ್ದು ವಾರ್ತೆ ಓದಿದರು. ಗಂಡನ ಮನೆ ತೊರೆದು ಲಖನೌದಿಂದ ಮಗನೊಂದಿಗೆ ಬಂದ ಹೆಣ್ಣುಮಗಳು, ಅಲ್ಲಿ ಉರ್ದು ವಾರ್ತೆ ಓದಿದ ಮೊದಲ ಹೆಂಗಸು. ಅಷ್ಟು ಹೊತ್ತಿಗಾಗಲೇ ನಮ್ಮ ಕನ್ನಡದಲ್ಲಿ ಹೆಂಗಸರು ಓದುವುದಷ್ಟೇ ಅಲ್ಲ, ಆರಿಸುವುದನ್ನೂ ಮಾಡಿ ತೋರಿಸಿಯಾಗಿತ್ತು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬ 1916ರಲ್ಲಿ 'ಕರ್ನಾಟಕ ನಂದಿನಿ' ಹೊರಡಿಸಿದರು. ಬಾಲವಿಧವೆ ಆರ್. ಕಲ್ಯಾಣಮ್ಮ 'ಸರಸ್ವತಿ'ಯನ್ನು ನಾಲ್ಕು ದಶಕ ನಡೆಸಿದರು. ಲೋಕ ಕೆಟ್ಟ ಶಕುನ ಎಂದು ದೂರ ತಳ್ಳಿದ ಹೆಂಗಸರು ಯಾವುದು ಮೊದಲ ಪುಟಕ್ಕೆ ಬರಬೇಕು ಎಂದು ತಾವೇ ತೀರ್ಮಾನಿಸಿದರು. ಅದು ಹೇಗೆ ಆಯಿತು? ಕಾಗದ ಕೊಳ್ಳಬಹುದಿತ್ತು. ಮುದ್ರಣಕ್ಕೆ ಹಣ ಹೊಂದಿಸಬಹುದಿತ್ತು. ಮನೆಯ ಪಡಸಾಲೆಯಿಂದ ಪತ್ರಿಕೆ ಹೊರಡಬಹುದಿತ್ತು. ಗಾಳಿಯ ಅಲೆ ಹಾಗಲ್ಲ. ಅದರ ಬೀಗದ ಕೈ ದೆಹಲಿಯಲ್ಲಿದೆ. ಈ ವ್ಯತ್ಯಾಸಕ್ಕೆ ಮುಂದೆ ಮತ್ತೆ ಬರುತ್ತೇನೆ, ನನ್ನ ಸಿಟ್ಟಿನ ಬೇರು ಅಲ್ಲೇ ಇದೆ.

ಆಕಾಶವಾಣಿಯ ಒಳಗಿದ್ದೇ ಆರಿಸುವ ಕುರ್ಚಿಗೆ ಏರಿದ ಒಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ. ಜ್ಯೋತ್ಸ್ನಾ ಕಾಮತ್. 1937ರಲ್ಲಿ ಹುಟ್ಟಿದವರು. ಆಕಾಶವಾಣಿಯ ಬೇರೆ ಬೇರೆ ನಿಲಯಗಳಲ್ಲಿ ದುಡಿದು ಬೆಂಗಳೂರು ನಿಲಯದ ನಿರ್ದೇಶಕಿಯಾದರು. ನೌಕರಿಯ ನಡುವೆಯೇ ಮಧ್ಯಕಾಲೀನ ಕರ್ನಾಟಕದ ಜನಜೀವನದ ಮೇಲೆ ಸಂಶೋಧನೆ ಮಾಡಿದರು. ರಾಜರ ಯುದ್ಧಗಳನ್ನು ಬದಿಗಿಟ್ಟು ಜನ ಏನು ಉಟ್ಟರು, ಏನು ಉಂಡರು, ಹೆಣ್ಣುಮಕ್ಕಳು ಹೇಗೆ ಬದುಕಿದರು ಎಂದು ಶಾಸನ, ಶಿಲ್ಪ, ಕಾವ್ಯಗಳನ್ನು ಕೆದಕಿ ನೋಡಿದರು. ಇತಿಹಾಸದಲ್ಲಿ ಯಾವುದು ಸುದ್ದಿ ಎಂದು ಹೊಸದಾಗಿ ಆರಿಸುವ ಕೆಲಸವೇ ಅದು. 2022ರಲ್ಲಿ ತೀರಿಕೊಂಡರು. ನಾನು ಓದಿದ ಕಾಲೇಜಿನಲ್ಲಿ ಪ್ರಸಾರ ಮಾಧ್ಯಮ ಎಂಬ ಇಡೀ ಪತ್ರಿಕೆ ಇತ್ತು, ನೂರು ಅಂಕ. ಅದರಲ್ಲಿ ಬಿಬಿಸಿಯ ಲಾರ್ಡ್ ರೀತ್ ಇದ್ದ, ಮಾರ್ಕೋನಿ ಇದ್ದ. ಜ್ಯೋತ್ಸ್ನಾ ಕಾಮತ್ ಇರಲಿಲ್ಲ. ಹತ್ತೊಂಬತ್ತು ಹುಡುಗಿಯರು ಕೂತಿದ್ದ ತರಗತಿಯಲ್ಲಿ ನಮ್ಮ ಭಾಷೆಯ ಒಬ್ಬ ಪ್ರಸಾರಕಿಯ ಹೆಸರನ್ನೂ ಹೇಳದೆ ಪಾಸು ಮಾಡಿ ಕಳಿಸಿದರು. ಹಾದಿ ತೋರಿದವರನ್ನು ಮರೆಸಿದರೆ ಹಿಂದೆ ಬರುವವಳು ಪ್ರತಿ ಸಲ ಮೊದಲಿನಿಂದ ಕಲ್ಲು ಆರಿಸಬೇಕಾಗುತ್ತದೆ.

ಟಿವಿಗೆ ಬರೋಣ. ಜಿಲ್ಲೆಯ ವರದಿಗಾರ್ತಿ ಅಂದರೆ ಬಹುಪಾಲು ಸ್ಟ್ರಿಂಗರ್. ಸಂಬಳ ಇಲ್ಲ, ಸುದ್ದಿಗೆ ಇಷ್ಟು ಎಂದು ಲೆಕ್ಕ, ಅದೂ ಪ್ರಸಾರವಾದರೆ. ಬೈಕಿನ ಪೆಟ್ರೋಲು ನಮ್ಮದು, ಕ್ಯಾಮೆರಾ ನಮ್ಮದು, ಲೋಗೊ ಮಾತ್ರ ಅವರದು. ಹಬ್ಬ ಬಂದರೆ ಜಾಹೀರಾತು ತರಬೇಕು. ಯಾವ ಮುಖಂಡನ ಮೇಲೆ ವರದಿ ಮಾಡಬೇಕೋ ಅವನ ಮನೆಯ ಜಗಲಿಯಲ್ಲೇ ಜಾಹೀರಾತಿಗೆ ಕಾಯುತ್ತ ಕೂರಬೇಕು. ಗಂಡಸು ಸ್ಟ್ರಿಂಗರ್ ಕೂಡ ಇದನ್ನೆಲ್ಲ ಅನುಭವಿಸುತ್ತಾನೆ, ನಿಜ. ಹೆಂಗಸಿಗೆ ಇದರ ಮೇಲೆ ಇನ್ನೊಂದು ಹೊರೆ. ರಾತ್ರಿ ಹತ್ತಕ್ಕೆ 'ಒಂದು ಬೈಟ್ ಕೊಡ್ತೀನಿ, ಐಬಿಗೆ ಬಾ' ಎನ್ನುವವನಿಗೆ ಏನು ಹೇಳಬೇಕು? ಸುದ್ದಿ ತಪ್ಪಿದರೆ ನಾಳೆ ಲೋಗೊ ಇನ್ನೊಬ್ಬನ ಕೈಗೆ. ನಾನು ಹೋಗಲಿಲ್ಲ. ಮೂರು ಸಲ ಹೋಗಲಿಲ್ಲ. ನಾಲ್ಕನೆಯ ಸಲ ಡೆಸ್ಕಿನವರು 'ನಿಮಗೆ ಫೀಲ್ಡ್ ಕಷ್ಟ ಆಗ್ತಿದೆ, ಸಾಫ್ಟ್ ಸ್ಟೋರಿ ಮಾಡಿ' ಅಂದರು. ಸಾಫ್ಟ್ ಸ್ಟೋರಿ ಅಂದರೆ ಗೋಧಿ ಹುಗ್ಗಿ, ಮಾನವಮಿ, ಮಾರ್ಚ್ 8ಕ್ಕೆ ಹೂಗುಚ್ಛ ಹಿಡಿದ ಅಧಿಕಾರಿಣಿ.

2013ರ ಕಾನೂನು ಓದಿ ನೋಡಿದೆ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ ಆ ಕಾನೂನಿನ ಪ್ರಕಾರ ದಿನಗೂಲಿಯವಳು, ಗುತ್ತಿಗೆಯವಳು, ಸಂಬಳ ಇಲ್ಲದೆ ದುಡಿಯುವವಳು ಕೂಡ ನೌಕರಳೇ. ಹತ್ತು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕು, ಇಲ್ಲದಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ರಾಜಸ್ಥಾನದ ಭಟೇರಿಯಲ್ಲಿ ಬಾಲ್ಯವಿವಾಹ ತಡೆಯಲು ಹೋಗಿ 1992ರಲ್ಲಿ ಅತ್ಯಾಚಾರಕ್ಕೆ ಒಳಗಾದ ಭಂವರಿ ದೇವಿಯ ಸಂಕಟದಿಂದ, 1997ರ ವಿಶಾಖಾ ತೀರ್ಪಿನಿಂದ ಹುಟ್ಟಿದ ಕಾನೂನು ಅದು. ಕಾಗದದ ಮೇಲೆ ನನ್ನಂಥವಳಿಗೂ ಜಾಗ ಕೊಟ್ಟಿದೆ. ಆದರೆ ನಾನು ದುಡಿದ ಕಡೆ ನನ್ನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಯಾರ ನೌಕರಳು ಎಂದು ತೋರಿಸಲು ನನ್ನ ಬಳಿ ಇದ್ದದ್ದು ಒಂದು ಸ್ಪಂಜಿನ ಲೋಗೊ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಪತ್ರಿಕೆಗಳಿಗೆ ಮಾತ್ರ ಬರೆದದ್ದು. ಟಿವಿಯವರನ್ನೂ ಪತ್ರಕರ್ತರೆಂದು ಎಣಿಸುವ ಕಾರ್ಮಿಕ ಸಂಹಿತೆಯನ್ನು ಸಂಸತ್ತು ಒಪ್ಪುವ ಹೊತ್ತಿಗೆ 2020 ಬಂದಿತ್ತು. ಆ ನಡುವೆ ಎಷ್ಟು ಹೆಣ್ಣುಮಕ್ಕಳು ಲೋಗೊ ಕೆಳಗಿಟ್ಟು ಮನೆಗೆ ಹೋದರು ಎಂಬುದನ್ನು ಯಾವ ಚಾನೆಲ್ಲೂ ಬ್ರೇಕಿಂಗ್ ಮಾಡುವುದಿಲ್ಲ.

ಗಂಡಸಿನ ಕೈ ಆರಿಸಿದಾಗ ಏನಾಗುತ್ತದೆ? ನಮ್ಮ ಜಿಲ್ಲೆಯಲ್ಲೇ ಎರಡು ಸಲ ಕಣ್ಣಾರೆ ಕಂಡೆ.

2018ರ ನವೆಂಬರ್. ಬಾಕಿ ಬಿಲ್ಲಿಗಾಗಿ, ಬೆಲೆಗಾಗಿ ಕಬ್ಬು ಬೆಳೆಗಾರರು ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಕಬ್ಬು ತುಂಬಿದ ಲಾರಿ ನುಗ್ಗಿಸಿದರು. ಮುಖ್ಯಮಂತ್ರಿಯನ್ನು ಬಹಿರಂಗವಾಗಿ ಪ್ರಶ್ನಿಸಿದ ರೈತ ಹೋರಾಟಗಾರ್ತಿಯೊಬ್ಬರಿಗೆ ಎಚ್.ಡಿ. ಕುಮಾರಸ್ವಾಮಿಯವರು ಇಷ್ಟು ವರ್ಷ ಎಲ್ಲಿ ಮಲಗಿದ್ದೆ ಎಂಬ ಮಾತಾಡಿದರು. ಆ ಮಾತು ಕೆಟ್ಟದ್ದು, ಖಂಡಿಸಲೇಬೇಕಿತ್ತು. ಆದರೆ ಮುಂದಿನ ದಿನಗಳಲ್ಲಿ ಟಿವಿ ಮಾಡಿದ್ದೇನು? 'ಮಲಗಿದ್ದೆ' ಎಂಬ ಒಂದು ಪದವನ್ನು ಹಿಡಿದು ಗಂಟೆಗಟ್ಟಲೆ ಅಗಿಯಿತು. ಆ ಹೆಂಗಸು ಕೇಳಿದ್ದೇನು ಎಂದು ನಿಂತು ಕೇಳುವ ಪುರುಸೊತ್ತು ಪರದೆಗೆ ಇರಲಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶ ಎಂಬುದೊಂದಿದೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಿ ಕೊಡಬೇಕು ಎನ್ನುತ್ತದೆ. ನಮ್ಮ ಸೀಮೆಯ ಪ್ರತಿ ಮನೆಗೂ ಗೊತ್ತಾಗಬೇಕಾದ ಸಂಗತಿ. ಹೆಣ್ಣಿನ ಮಾನ ಎಂಬ ಹೆಸರಿನಲ್ಲಿ ಹೆಣ್ಣಿನ ಪ್ರಶ್ನೆಯನ್ನೇ ಹೂತರು.

2023ರ ಡಿಸೆಂಬರ್. ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿ. ಮಗ ಪ್ರೀತಿಸಿದ ಹುಡುಗಿಯೊಂದಿಗೆ ಹೋದನೆಂದು ತಾಯಿಯನ್ನು ಮನೆಯಿಂದ ಎಳೆದು, ಬೆತ್ತಲೆ ಮಾಡಿ, ಮೆರವಣಿಗೆ ಮಾಡಿ ಕಂಬಕ್ಕೆ ಕಟ್ಟಿ ಹೊಡೆದರು. ವಿಧಾನಮಂಡಲದ ಅಧಿವೇಶನ ಅದೇ ಬೆಳಗಾವಿಯಲ್ಲಿ ನಡೆಯುತ್ತಿತ್ತು. ಆ ತಾಯಿ ಸುಧಾರಿಸಿಕೊಳ್ಳುವ ಮೊದಲೇ ಮುಖಂಡರು ಸಾಲುಗಟ್ಟಿದರು, ಅವರ ಹಿಂದೆ ಕ್ಯಾಮೆರಾಗಳು. ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡ ಹೈಕೋರ್ಟ್, ಆಕೆಯನ್ನು ನೋಡಲು ಬರುವವರಿಗೆ ಕಡಿವಾಣ ಹಾಕಬೇಕಾಯಿತು. ನೊಂದವಳ ಬಾಗಿಲಲ್ಲಿ ಸುಮ್ಮನೆ ನಿಲ್ಲುವುದನ್ನು ನಮಗೆ ನ್ಯಾಯಾಲಯ ಹೇಳಿಕೊಡಬೇಕಾಯಿತು! ಹಳ್ಳಿಯ ನಡುವೆ ನಡೆದ ಈ ಕ್ರೌರ್ಯವನ್ನು ತಡೆಯದೆ ಯಾರು ಯಾರು ನಿಂತು ನೋಡಿದರು? ಗಂಡು ಮಾಡಿದ್ದಕ್ಕೆ ತಾಯಿಯ ಮೈಯನ್ನೇ ದಂಡ ತೆರಿಸುವ ಪದ್ಧತಿ ಎಲ್ಲಿಂದ ಬಂತು? ಈ ಪ್ರಶ್ನೆಗಳನ್ನು ಹಿಡಿದು ಆರು ತಿಂಗಳ ನಂತರ ಆ ಊರಿಗೆ ಹೋಗುವುದೇ ವರದಿಗಾರಿಕೆ. ಆರು ತಿಂಗಳ ನಂತರದ ಸುದ್ದಿಗೆ ಸ್ಟ್ರಿಂಗರಿಗೆ ಪೆಟ್ರೋಲಿನ ರೊಕ್ಕವೂ ಹುಟ್ಟುವುದಿಲ್ಲ.

ಇದು ಬೆಳಗಾವಿಯ ರೋಗವಷ್ಟೇ ಅಲ್ಲ. ಜಗತ್ತಿನ ಹತ್ತಾರು ದೇಶಗಳ ಒಂದು ದಿನದ ಸುದ್ದಿಯನ್ನು ಐದು ವರ್ಷಕ್ಕೊಮ್ಮೆ ತೂಗಿ ನೋಡುವ ಜಾಗತಿಕ ಮಾಧ್ಯಮ ನಿಗಾ ಯೋಜನೆ 1995ರಲ್ಲಿ ಮೊದಲು ಲೆಕ್ಕ ಹಾಕಿದಾಗ ಸುದ್ದಿಯಲ್ಲಿ ಕಂಡವರು, ಕೇಳಿಸಿದವರಲ್ಲಿ ಹೆಂಗಸರು ಶೇಕಡಾ 17. 2020ರಲ್ಲಿ 25. ಕಾಲು ಶತಮಾನ ಕಳೆದರೂ ನಾಲ್ವರಲ್ಲಿ ಒಬ್ಬಳು. ಅರ್ಧ ಲೋಕದ ಮಾತು ಸುದ್ದಿಯೇ ಅಲ್ಲ ಎಂದು ಯಾರೋ ಪ್ರತಿದಿನ ಬೆಳಿಗ್ಗೆ ಮೀಟಿಂಗಿನಲ್ಲಿ ಕೂತು ತೀರ್ಮಾನಿಸುತ್ತಿದ್ದಾರೆ.

ಎಲ್ಲಮ್ಮನ ಗುಡ್ಡದ ವಿಷಯ ಬಂದಾಗ ನನಗೆ ಮಾತು ಬಿಗಿಯುತ್ತದೆ. ಹೊಸ್ತಿಲ ಹುಣ್ಣಿಮೆಯನ್ನು ನಮ್ಮಲ್ಲಿ ರಂಡಿ ಹುಣ್ಣಿಮೆ ಎನ್ನುತ್ತಾರೆ, ಅಂದು ದೇವಿಗೇ ವಿಧವೆಯ ಕೋಲ. ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆ. ಇವೆರಡರ ನಡುವೆ ಕ್ಯಾಮೆರಾ ಹೊತ್ತವರು ಗುಡ್ಡ ಹತ್ತಿ ಬರುತ್ತಾರೆ, ನಮ್ಮವರೂ, ಪರದೇಶದವರೂ. ಎಲ್ಲರಿಗೂ ಬೇಕಾದದ್ದು ಒಂದೇ ಚಿತ್ರ: ಭಂಡಾರ ಬಳಿದ ಹಣೆ, ತಲೆಯ ಮೇಲೆ ಕೊಡ, ಮುತ್ತು ಕಟ್ಟಿಸಿಕೊಂಡ ಕೊರಳು. ಮುತ್ತು ಕಟ್ಟಿ ಹೆಣ್ಣನ್ನು ದೇವದಾಸಿ ಮಾಡುವುದನ್ನು ಅಪರಾಧ ಮಾಡಿದ ಕಾನೂನು ಕರ್ನಾಟಕದಲ್ಲಿ 1982ರದು. ಆ ಕಾನೂನು ಬಂದ ಮೇಲೂ ಮುತ್ತು ಕಟ್ಟಿದವರು ಯಾರು, ಮಗುವಿನ ತಂದೆಯ ಹೆಸರಿನ ಕಾಲಂ ಖಾಲಿ ಬಿಟ್ಟ ಶಾಲೆ ಯಾವುದು, ಆ ಹೆಣ್ಣಿನ ಮನೆಗೆ ಕತ್ತಲಲ್ಲಿ ಬಂದುಹೋದ ಊರ ದೊಡ್ಡವರು ಯಾರು ಎಂದು ಕೇಳಿದ ಕ್ಯಾಮೆರಾ ಅಪರೂಪ. ಜೋಗತಿಯ ಮುಖ ತೋರಿಸಿದವರು ಗೌಡನ ಮುಖ ತೋರಿಸಲಿಲ್ಲ.

2010ರಲ್ಲಿ ಪರದೇಶದ ಒಂದು ಅಂತರ್ಜಾಲ ವಾಹಿನಿ ಈ ಗಡಿಸೀಮೆಯ ದೇವದಾಸಿಯರ ಮೇಲೆ ಸಾಕ್ಷ್ಯಚಿತ್ರ ಮಾಡಿ, ದೇವರ ಸೂಳೆಯರು ಎಂಬರ್ಥದ ಹೆಸರಿಟ್ಟು ಲೋಕಕ್ಕೆಲ್ಲ ತೋರಿಸಿತು. ಚಿತ್ರದಲ್ಲಿ ಕಾಣಿಸಿಕೊಂಡ ಸಾಂಗ್ಲಿಯ ಹೆಂಗಸರು ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ ಎಂಬ ತಮ್ಮದೇ ಸಂಘಟನೆಯಲ್ಲಿದ್ದವರು. ಅವರು ಅಳುತ್ತ ಕೂರಲಿಲ್ಲ. ಆ ಚಿತ್ರವನ್ನು ನೋಡಿದರು, ತಾವೇ ಕ್ಯಾಮೆರಾದ ಮುಂದೆ ಕೂತರು, ಉತ್ತರ ಕೊಟ್ಟರು. ನಾವು ಹೇಳಿದ್ದನ್ನು ತಿರುಚಿದಿರಿ, ನಮ್ಮವಳ ಕಾಯಿಲೆಯ ಗುಟ್ಟನ್ನು ಬೀದಿಗೆ ತಂದಿರಿ, ನಮ್ಮ ದೇವಿಯನ್ನೂ ನಮ್ಮ ಬದುಕನ್ನೂ ಅಪಹಾಸ್ಯ ಮಾಡಿದಿರಿ ಎಂದು ಒಂದೊಂದಾಗಿ ಎಣಿಸಿ ಹೇಳಿದರು. ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನನ್ನ ಮಟ್ಟಿಗೆ ಈ ಸೀಮೆಯ ಪತ್ರಿಕೋದ್ಯಮದ ಪಾಠ ಅದು. ಪತ್ರಕರ್ತೆ ಎಂಬ ಚೀಟಿ ಇಲ್ಲದ ಹೆಂಗಸರು ಪತ್ರಕರ್ತೆಯ ಕೆಲಸ ಮಾಡಿದರು. ಯಾವ ಮಾತು ಮುಖ್ಯ ಎಂದು ಅವರೇ ಆರಿಸಿದರು.

ಆರಿಸುವ ಹೆಣ್ಣಿಗೆ ಈ ನಾಡು ಕೊಟ್ಟ ಇನ್ನೊಂದು ಉತ್ತರವೂ ಇದೆ. ಗೌರಿ ಲಂಕೇಶ್. ಇಂಗ್ಲಿಷ್ ಪತ್ರಿಕೆಗಳಲ್ಲಿ ದುಡಿದು, ದೆಹಲಿಯಲ್ಲಿ ಈಟಿವಿಯ ಸುದ್ದಿ ವಿಭಾಗದ ಮುಖ್ಯಸ್ಥೆಯಾಗಿ ಟಿವಿಯ ಒಳಹೊರಗನ್ನೂ ಕಂಡವರು. 2000ದ ಜನವರಿಯಲ್ಲಿ ತಂದೆ ಪಿ. ಲಂಕೇಶ್ ತೀರಿಕೊಂಡಾಗ ಇಂಗ್ಲಿಷ್ ಲೋಕ ಬಿಟ್ಟು ಅವರ ಕನ್ನಡದ ಕಪ್ಪುಬಿಳುಪು ವಾರಪತ್ರಿಕೆಯ ಕುರ್ಚಿಯಲ್ಲಿ ಕೂತರು. ಕನ್ನಡದಲ್ಲಿ ಬರೆಯುವುದನ್ನು ನಡುವಯಸ್ಸಿನ ಹೊತ್ತಿನಲ್ಲಿ ಹಟ ಹಿಡಿದು ಕಲಿತರು. 2005ರಲ್ಲಿ ತನ್ನದೇ ಹೆಸರಿನ ಪತ್ರಿಕೆ ಕಟ್ಟಿದರು. ಬಾಯಿಯಷ್ಟೇ ಆಗಿ ಉಳಿದಿದ್ದರೆ ಇವತ್ತೂ ಬದುಕಿರುತ್ತಿದ್ದರು. ಕೈ ಆದರು. ಜಾತಿಯ ಬಗ್ಗೆ, ಕೋಮುದ್ವೇಷದ ಬಗ್ಗೆ, ಹೆಣ್ಣಿನ ಬಗ್ಗೆ ಏನು ಅಚ್ಚಾಗಬೇಕು ಎಂದು ತಾವೇ ತೀರ್ಮಾನಿಸಿದರು. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ಮನೆಯ ಬಾಗಿಲಲ್ಲಿ ಗುಂಡಿಟ್ಟರು. ಹೆಣ ಆರುವ ಮೊದಲೇ ಅವರನ್ನು ನಾಯಿಗೆ ಹೋಲಿಸಿ ಸಂಭ್ರಮಿಸಿದರು. ಅದಕ್ಕೂ ಎರಡು ವರ್ಷ ಮೊದಲು, ನಮ್ಮ ಧಾರವಾಡದಲ್ಲಿ, ವಚನಗಳನ್ನು ಜೀವಮಾನವಿಡೀ ಓದಿದ ಎಂ.ಎಂ. ಕಲಬುರ್ಗಿಯವರನ್ನೂ ಮನೆಬಾಗಿಲಲ್ಲೇ ಕೊಂದಿದ್ದರು. ಗೌರಿ ಸತ್ತ ರಾತ್ರಿ ಅವ್ವ ಫೋನ್ ಮಾಡಿ, "ನೀ ಆ ಕೆಲಸ ಬಿಡ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡಬ್ಯಾಡ" ಅಂದಳು.

ಈಗ ಆ ಬೀಗದ ಕೈಯ ಮಾತಿಗೆ ಬರುತ್ತೇನೆ.

1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಗಾಳಿಯ ಅಲೆಗಳು ಸರ್ಕಾರದ ಸ್ವತ್ತಲ್ಲ, ಸಾರ್ವಜನಿಕರ ಆಸ್ತಿ. ಆ ಮಾತನ್ನು ನಂಬಿ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಯ ಜನ, ಸ್ವಸಹಾಯ ಸಂಘದ ಹೆಂಗಸರು 'ನಮ್ಮ ಧ್ವನಿ' ಶುರು ಮಾಡಿದರು. ಗಾಳಿಯಲ್ಲಿ ಬಿಡಲು ಪರವಾನಗಿ ಇರಲಿಲ್ಲ. ಹಾಗಾಗಿ ಕೇಬಲ್ ತಂತಿಯಲ್ಲಿ ದನಿ ಹರಿಸಿದರು. ತಂತಿ ಎಳೆದು ಮನೆಮನೆಗೆ ಮಾತು ಮುಟ್ಟಿಸಿದ ಆ ಛಲ ನೋಡಿ! 2006ರಲ್ಲಿ ಕೊನೆಗೂ ಸಮುದಾಯ ರೇಡಿಯೋ ನೀತಿ ಬಂತು. 2008ರ ಅಕ್ಟೋಬರಿನಲ್ಲಿ ಬೀದರಿನ ಗಡಿಯಾಚೆ ಜಹೀರಾಬಾದ್ ಸೀಮೆಯ ಮಾಚನೂರಿನಲ್ಲಿ ದಲಿತ ಹೆಂಗಸರ 'ಸಂಗಂ ರೇಡಿಯೋ' ಗಾಳಿಗೆ ಬಂತು. ಅದರ ಬೆನ್ನಿಗೆ ನಿಂತ ಪಿ.ವಿ. ಸತೀಶ್ ನಮ್ಮ ಮೈಸೂರಿನವರು, ದೂರದರ್ಶನದ ನೌಕರಿ ಮಾಡಿ ಬಂದವರು. ಹೊಲದಲ್ಲಿ ನವಣೆ ಬಿತ್ತುವ ಹೆಂಗಸರೇ ಅಲ್ಲಿ ನಿರೂಪಕಿಯರು, ತಂತ್ರಜ್ಞೆಯರು.

ಆದರೆ ಆ ನೀತಿಯ ಒಳಗೆ ಒಂದು ಮುಳ್ಳು ಇಟ್ಟಿದ್ದಾರೆ. ಸಮುದಾಯ ರೇಡಿಯೋ ತನ್ನ ಸ್ವಂತ ಸುದ್ದಿ, ಪ್ರಚಲಿತ ವಿದ್ಯಮಾನ ಪ್ರಸಾರ ಮಾಡುವಂತಿಲ್ಲ. ಬೇಕಾದರೆ ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆಯೇ, ಇಲ್ಲವೇ ಸ್ಥಳೀಯ ಭಾಷೆಗೆ ಅನುವಾದಿಸಿ ಹಾಕಬಹುದು. ಹವಾಮಾನ ಹೇಳಬಹುದು, ಜಾತ್ರೆಯ ವಿಷಯ ಹೇಳಬಹುದು, ನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳಬಹುದು. ಹದಿನೈದು ದಿನ ನೀರು ಯಾಕೆ ಬರಲಿಲ್ಲ, ಆ ರೊಕ್ಕ ಯಾರು ತಿಂದರು ಎಂದು ಕೇಳಿದರೆ ಅದು ಸುದ್ದಿ. ಹಳ್ಳಿಯ ಹೆಣ್ಣುಮಗಳು ಸೋಬಾನ ಹಾಡಬಹುದು, ಸುದ್ದಿ ಹೇಳಬಾರದು. ಬೆಂಗಳೂರಿನಲ್ಲಿ ಕೂತ ಚಾನೆಲ್ಲಿಗೆ ಇಪ್ಪತ್ನಾಲ್ಕು ಗಂಟೆ ಏನನ್ನಾದರೂ ಸುದ್ದಿ ಎನ್ನುವ ಹಕ್ಕಿದೆ, ಹತ್ತು ಹದಿನೈದು ಕಿಲೋಮೀಟರಿಗೆ ಕೇಳುವ ನೂರು ವ್ಯಾಟಿನ ದನಿಗೆ ಇಲ್ಲ. ಬೆಳಗಾವಿಯಲ್ಲಿ 'ವೇಣುಧ್ವನಿ' ಇದೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ರೇಡಿಯೋ ಇದೆ. ನಾಳೆ ಎಂ.ಕೆ. ಹುಬ್ಬಳ್ಳಿಯ ಹೆಂಗಸರು ಸಾಲ ಸೋಲ ಮಾಡಿ ಒಂದು ಗೋಪುರ ನಿಲ್ಲಿಸಿದರೂ ಈ ಮುಳ್ಳು ಅವರ ಗಂಟಲಲ್ಲೇ ಇರುತ್ತದೆ. ತಿರುಮಲಾಂಬಗೆ ಬ್ರಿಟಿಷರ ಕಾಲದಲ್ಲಿ ಕಾಗದದ ಮೇಲೆ ಇದ್ದ ಸ್ವಾತಂತ್ರ್ಯ ನನ್ನ ಅವ್ವನಿಗೆ ಸ್ವತಂತ್ರ ದೇಶದ ಗಾಳಿಯಲ್ಲಿ ಇಲ್ಲ!

ಆ ನೂರು ವ್ಯಾಟ್ ಸಿಕ್ಕರೆ ಏನು ಹೇಳಬಹುದಿತ್ತು? ಕಬ್ಬಿನ ಹಂಗಾಮಿನಲ್ಲಿ ನಮ್ಮ ಗದ್ದೆಗಳಿಗೆ ಕಡಿಯುವವರ ಗ್ಯಾಂಗು ಬರುತ್ತದೆ, ಮಹಾರಾಷ್ಟ್ರದ ಬೀಡ್ ಕಡೆಯಿಂದ, ವಿಜಯಪುರದ ತಾಂಡಾಗಳಿಂದ. ಕೂಲಿಯವರನ್ನು ತರುವ ಮುಕಾದಮ ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ಕೊಯ್ತಾ ಎಂದು ಎಣಿಸಿ ಮುಂಗಡ ಕೊಡುತ್ತಾನೆ, ಆ ರೊಕ್ಕ ಗಂಡನ ಕೈಗೆ. ಮುಟ್ಟಿನ ದಿನ ರಜೆ ಹಾಕಿದರೆ ದಂಡ. ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರದ ಸಮಿತಿ ಕಬ್ಬು ಕಡಿಯುವ 82,309 ಹೆಂಗಸರನ್ನು ವಿಚಾರಿಸಿದಾಗ 13,861 ಮಂದಿಯ ಗರ್ಭಕೋಶ ತೆಗೆದಿದ್ದರು. ಆ ಹೆಂಗಸರ ಗುಡಿಸಲು ಹೆದ್ದಾರಿಗೆ ಕಾಣುವಷ್ಟು ಹತ್ತಿರ ಇರುತ್ತದೆ. ಉತ್ಸವಕ್ಕೆ ಬರುವ ಓಬಿ ವ್ಯಾನುಗಳು ಅವರ ಪಕ್ಕದಲ್ಲೇ ಹಾಯ್ದು ಹೋಗುತ್ತವೆ.

ಲೋಗೊ ವಾಪಸು ಕೊಟ್ಟು ನಾನು ಊರಿಗೆ ಬಂದು ಕೆಲವು ವರ್ಷಗಳಾದವು. ನಮ್ಮ ಓಣಿಯ ಸ್ತ್ರೀಶಕ್ತಿ ಸಂಘ ಮಂಗಳವಾರ ಸಂಜೆ ಕೂಡುತ್ತದೆ. ಉಳಿತಾಯದ ಪುಸ್ತಕ ಮುಚ್ಚಿದ ಮೇಲೆ ಒಬ್ಬೊಬ್ಬರು ನನ್ನ ಫೋನಿನಲ್ಲಿ ತಮ್ಮ ಸುದ್ದಿ ಹೇಳುತ್ತಾರೆ. ನಾನು ಏನನ್ನೂ ಕೇಳುವುದಿಲ್ಲ, ಕತ್ತರಿಸುವುದಿಲ್ಲ. ಅದು ಸಂಘದ ಹೆಂಗಸರ ಫೋನುಗಳಿಗೆ ಹೋಗುತ್ತದೆ, ಅಲ್ಲಿಂದ ಅವರ ತವರಿಗೆ, ಅಲ್ಲಿಂದ ಇನ್ನೆಲ್ಲಿಗೋ. ಅದಕ್ಕೆ ಪರವಾನಗಿ ಕೇಳಿಲ್ಲ, ಕೇಳುವುದೂ ಇಲ್ಲ.

ಕಳೆದ ಸಲ ಅವ್ವನ ಸರದಿ. ಎಪ್ಪತ್ತು ದಾಟಿದ್ದಾಳೆ. "ಏನ ಹೇಳ್ಲಿ?" ಅಂದಳು. ನಿನಗ ಬೇಕಾದ್ದು ಹೇಳು ಅಂದೆ. ಸೆರಗು ಸರಿ ಮಾಡಿಕೊಂಡು ಶುರು ಮಾಡಿದಳು. ಕಬ್ಬು ಕಳಿಸಿದ್ದ ದೂರದ ಕಾರ್ಖಾನೆಯ ಬಿಲ್ಲು ತಡವಾದ ವರ್ಷ, ಅವಳ ತವರಿನ ಬೋರಮಾಳ ಬೈಲಹೊಂಗಲದ ಒಂದು ಗಿರವಿ ಅಂಗಡಿಗೆ ಹೋಯಿತು. ಬಿಲ್ಲು ಬಂತು. ಅಪ್ಪ ಟ್ರ್ಯಾಕ್ಟರಿನ ಕಂತು ಕಟ್ಟಿದ, ಬೀಜ ಗೊಬ್ಬರದ ಬಾಕಿ ತೀರಿಸಿದ. ಬೋರಮಾಳ ಬರಲಿಲ್ಲ. ನಾವು ಮಕ್ಕಳು ಯಾರೂ ಅದನ್ನು ಕೇಳಿಯೇ ಇರಲಿಲ್ಲ. ಓಣಿಯಲ್ಲಿ ಅದೇ ವರ್ಷ ಇನ್ನೂ ನಾಲ್ಕು ಕೊರಳು ಖಾಲಿಯಾದವು ಎಂದು ಮನೆಗಳನ್ನು ಎಣಿಸಿ ಹೇಳಿದಳು. ಸುತ್ತ ಕೂತವರಲ್ಲಿ ಇಬ್ಬರು ತಮ್ಮ ಕೊರಳು ಮುಟ್ಟಿಕೊಂಡರು.

ಅವ್ವ ಅಳಲಿಲ್ಲ. ಫೋನು ಕೆಳಗಿಡಲು ಹೋದೆ. ಕೈ ಹಿಡಿದಳು.

"ತಡಿ. ಮೊದಲಿಂದ ಹೇಳ್ತೇನಿ. ಯಾವ ಸಾಲಿನ ಬಿಲ್ಲು ಅನ್ನೋದನ್ನ ಬಿಟ್ಟೇ ಬಿಟ್ಟೆ."